ನರ್ಸಿಂಗ್ ಸಿದ್ಧಾಂತಗಳು ವಾರ್ಡಿನಲ್ಲಿ ಎಲ್ಲಿವೆ?

ಪ್ರಶ್ನೆ (ವಿದ್ಯಾರ್ಥಿನಿ): ಮೇಡಂ, ನಾನು ಬಿ.ಎಸ್ಸಿ. ನರ್ಸಿಂಗ್ ಓದುತ್ತಿದ್ದೇನೆ. ನೈಟಿಂಗೇಲ್, ಹೆಂಡರ್‌ಸನ್, ಒರ್ಲ್ಯಾಂಡೊ ಎಂದು ಸಿದ್ಧಾಂತಗಳನ್ನು ರೂಪಿಸಿದ ನರ್ಸ್‌ಗಳ ಹೆಸರು, ಇಸವಿಗಳನ್ನು ಉರು ಹೊಡೆಯುತ್ತೇವೆ. ವಾರ್ಡಿಗೆ ಹೋದರೆ ಬಿ.ಪಿ., ಡ್ರಿಪ್, ಕೇಸ್ ಶೀಟ್ ಇಷ್ಟೇ. ರೋಗಿಕೇಂದ್ರಿತ ಆರೈಕೆಗೂ ಈ ಹಳೆಯ ಸಿದ್ಧಾಂತಗಳಿಗೂ ನಿಜಕ್ಕೂ ಸಂಬಂಧವಿದೆಯೇ?

ಉತ್ತರ (ನರ್ಸಿಂಗ್ ಬೋಧಕಿ): ಇದೆಯಮ್ಮ. ನೈಟಿಂಗೇಲ್ ಎಂದರೆ ಗಾಳಿ, ಬೆಳಕು, ಶುಚಿತ್ವ ಎಂದು ಬರೆದು ಅಂಕ ಪಡೆಯುತ್ತೇವೆ. ಆದರೆ 1859ರ ಅವರ ಪುಸ್ತಕದಲ್ಲಿ ಇನ್ನೂ ಸೂಕ್ಷ್ಮ ಮಾತುಗಳಿವೆ: ರೋಗಿಯೊಡನೆ ಬಾಗಿಲಲ್ಲಿ ನಿಂತೋ ಬೆನ್ನ ಹಿಂದಿನಿಂದಲೋ ಮಾತನಾಡಬೇಡಿ, ಕತ್ತು ತಿರುಗಿಸದೆ ಅವರಿಗೆ ಕಾಣುವಂತೆ ಕುಳಿತುಕೊಳ್ಳಿ, ಕೋಣೆಯ ಹೊರಗೆ ಪಿಸುಗುಟ್ಟಬೇಡಿ. ನಮ್ಮ ರೌಂಡ್ಸ್‌ಗಳಲ್ಲಿ ಇವು ಮೂರೂ ಪ್ರತಿದಿನ ಮುರಿಯುತ್ತವೆ!

ಹೆಂಡರ್‌ಸನ್ ಅವರು ಹೇಳಿದ, ಉಸಿರಾಟ, ಊಟ, ನಿದ್ದೆಯಂತಹ ಹದಿನಾಲ್ಕು ಅಗತ್ಯಗಳನ್ನು ಬರೀ ಪಟ್ಟಿಯಾಗಿ ಓದಬೇಡಿ. ಶಕ್ತಿ, ಮನಸ್ಸು, ತಿಳಿವಳಿಕೆ ಇದ್ದಿದ್ದರೆ ರೋಗಿ ತಾನೇ ಮಾಡಿಕೊಳ್ಳುತ್ತಿದ್ದ ಕೆಲಸಕ್ಕೆ ನಾವು ನೆರವಾಗಬೇಕು, ಆದಷ್ಟು ಬೇಗ ನಮ್ಮ ನೆರವೇ ಬೇಡವಾಗುವಂತೆ ನೋಡಿಕೊಳ್ಳಬೇಕು ಎಂಬುದು ಅದರ ತಿರುಳು. ಬೇಗ ಮುಗಿಯಲೆಂದು ಕೈ ಆಡುವ ರೋಗಿಗೂ ನಾವೇ ತಲೆ ಬಾಚಿದರೆ ಅದು ಆರೈಕೆಯಲ್ಲ.

ನನಗೆ ಹೆಚ್ಚು ಹಿಡಿಸಿದವರು ಒರ್ಲ್ಯಾಂಡೊ. 1961ರಲ್ಲಿ ಅವರು ಹೇಳಿದ್ದು ಇಷ್ಟು: ರೋಗಿಯ ವರ್ತನೆ ನೋಡಿ ನಿಮಗೆ ಏನೋ ಅನ್ನಿಸುತ್ತದೆ, ಅನ್ನಿಸಿದ್ದು ಸರಿಯೇ ಎಂದು ರೋಗಿಯನ್ನೇ ಕೇಳಿ, ಆಮೇಲೆ ಕೈಹಾಕಿ. ಸೊಂಟದ ಮೂಳೆ ಮುರಿದ ಅಜ್ಜಿಯೊಬ್ಬರು ಸಂಜೆಯ ಊಟ, ನೀರು ಎರಡನ್ನೂ ಮುಟ್ಟುತ್ತಿರಲಿಲ್ಲ. ಶೀಟಿನಲ್ಲಿ ‘ಆಹಾರ ನಿರಾಕರಿಸಿದರು’ ಎಂದಿತ್ತು. ಡ್ರಿಪ್ ಹಾಕುವ ಮಾತೂ ನಡೆದಿತ್ತು. ಸಿಸ್ಟರ್ ಒಬ್ಬರು ಪಕ್ಕದಲ್ಲಿ ಕುಳಿತು, ‘ಹಸಿವಿಲ್ಲವೋ, ಬೇರೇನಾದರೂ ತೊಂದರೆಯೋ ಅಜ್ಜಿ?’ ಎಂದು ಕೇಳಿದರು. ರಾತ್ರಿ ಬೆಡ್‌ಪ್ಯಾನ್ (ಹಾಸಿಗೆಯಲ್ಲೇ ಮಲಮೂತ್ರಕ್ಕೆ ಬಳಸುವ ಪಾತ್ರೆ) ಕೊಡಲು ಬರುತ್ತಿದ್ದವನು ಗಂಡಸು. ಅವನನ್ನು ಕರೆಯಬೇಕಾಗುತ್ತದೆಂದು ಅಜ್ಜಿ ಮಧ್ಯಾಹ್ನದಿಂದಲೇ ಬಾಯಿ ಕಟ್ಟಿದ್ದರು.

ಪ್ರಶ್ನೆ (ಸ್ಟಾಫ್ ನರ್ಸ್): ಕೇಳುವುದಕ್ಕೆ ಚೆನ್ನಾಗಿದೆ ಮೇಡಂ. ರಾತ್ರಿ ಪಾಳಿಯಲ್ಲಿ ಇಡೀ ವಾರ್ಡಿಗೆ ಇಬ್ಬರೇ ಇರುವಾಗ ಯಾರ ಪಕ್ಕದಲ್ಲಿ ಕುಳಿತುಕೊಳ್ಳುವುದು?

ಉತ್ತರ: ನಿಮ್ಮ ಮಾತು ನ್ಯಾಯವಾದದ್ದು. ಸಿಬ್ಬಂದಿ ಕೊರತೆಯನ್ನು ಯಾವ ಸಿದ್ಧಾಂತವೂ ನೀಗಿಸುವುದಿಲ್ಲ. ಆಡಳಿತ ಮಾಡಬೇಕಾದ ಕೆಲಸವನ್ನು ನರ್ಸ್‌ಗಳ ಕರುಣೆಯ ಮೇಲೆ ಹೊರಿಸುವುದನ್ನು ನಾನು ಒಪ್ಪುವುದಿಲ್ಲ. ಆದರೆ ಅಜ್ಜಿಗೆ ಕೇಳಿದಂಥ ಪ್ರಶ್ನೆಯನ್ನು ಎಲ್ಲರೂ ಪ್ರತಿ ಪಾಳಿಯಲ್ಲಿ ಕೇಳಬೇಕಾಗಿಲ್ಲ, ಒಬ್ಬರು ಕೇಳಿ ಬರೆದಿಟ್ಟರೆ ಸಾಕು. ನಾನು ಇದ್ದಾಗ ಮಾಡುವುದು ಇಲ್ಲದಾಗಲೂ ನಡೆಯುವಂತೆ ನೋಡಿಕೊಳ್ಳುವುದನ್ನೂ ನೈಟಿಂಗೇಲ್ ಶುಶ್ರೂಷೆಯ ಭಾಗವೆಂದೇ ಎಣಿಸಿದ್ದರು. ಮುಂದಿನ ಪಾಳಿಯವರಿಗೆ ಬರೆದಿಡುವ ಹ್ಯಾಂಡೋವರ್ ಪುಸ್ತಕದಲ್ಲಿ ‘ಊಟ ಮಾಡುತ್ತಿಲ್ಲ’ ಎನ್ನುವ ಬದಲು ‘ರಾತ್ರಿ ಬೆಡ್‌ಪ್ಯಾನ್‌ಗೆ ಆಯಾ (ಮಹಿಳಾ ಸಹಾಯಕಿ) ಅವರನ್ನೇ ಕಳುಹಿಸಿ’ ಎಂದು ಬರೆಯಿರಿ. ಅದಕ್ಕೆ ಅರ್ಧ ನಿಮಿಷವೂ ಹಿಡಿಯುವುದಿಲ್ಲ.