ಡಬ್ಬಿ-ಬಾಣದ ಭಾಷೆ ಮಾಡುತ್ತಿದ್ದೇವೆ, ಥಿಯರಿ ಓದಿದರೆ ಉಪಯೋಗ ಇದೆಯಾ?

ಕೇಳಿದವರು:
ಕೋಡ್ ಬರೆಯಲು ಬಾರದವರಿಗಾಗಿ ಒಂದು ಟೂಲ್ ಮಾಡುತ್ತಿದ್ದೇವೆ. ಡಬ್ಬಿಗಳನ್ನು ಎಳೆದು ತಂದಿಟ್ಟು ಬಾಣಗಳಿಂದ ಜೋಡಿಸಿದರೆ ಪ್ರೋಗ್ರಾಂ ತಯಾರು. ಡೆಮೊ ನೋಡಿದವರೆಲ್ಲ ಚೆನ್ನಾಗಿದೆ ಅನ್ನುತ್ತಾರೆ. ನಿಜವಾದ ಕೆಲಸಕ್ಕೆ ಇಳಿದವರು ಮಾತ್ರ ಸ್ವಲ್ಪ ದಿನಕ್ಕೇ ಬಿಟ್ಟುಬಿಡುತ್ತಾರೆ. ಐಕಾನ್ ಇನ್ನೂ ಚೆಂದ ಮಾಡಿ ಅಂತ ಒಬ್ಬರು, ಬಣ್ಣ ಜಾಸ್ತಿ ಹಾಕಿ ಅಂತ ಇನ್ನೊಬ್ಬರು. ದೃಶ್ಯ ಭಾಷೆಗಳ ಬಗ್ಗೆ ಥಿಯರಿಯೇ ಇದೆಯಂತೆ. ಬಳಸಿ ನೋಡಿದವರು ಹೇಳಿ, ಎಲ್ಲಿಂದ ಶುರು ಮಾಡಲಿ?

ಇಂಟರ್‌ಫೇಸ್ ಡಿಸೈನರ್:
ಉಪಯೋಗ ಖಂಡಿತ ಇದೆ. ಐಕಾನ್ ವಿಷಯ ಸದ್ಯಕ್ಕೆ ಪಕ್ಕಕ್ಕಿಡಿ. ಸಂಶೋಧಕರಾದ ಥಾಮಸ್ ಗ್ರೀನ್ ಮತ್ತು ಮರಿಯನ್ ಪೆಟ್ರೆ 1996ರಲ್ಲಿ ಬರೆದ ಲೇಖನ ಮೊದಲು ಓದಿ. ಚಿತ್ರದ ಮೂಲಕ ಪ್ರೋಗ್ರಾಂ ಬರೆಯುವ ಟೂಲ್‌ಗಳನ್ನು 'ಕಾಗ್ನಿಟಿವ್ ಡೈಮೆನ್ಷನ್ಸ್' (ಬಳಸುವವರ ಯೋಚನೆಗೆ ಟೂಲ್ ಎಷ್ಟು ಹೊಂದುತ್ತದೆ ಅಂತ ನೋಡುವ ಅಳತೆಗೋಲುಗಳು) ಹಿಡಿದು ಪರೀಕ್ಷಿಸುವ ಲೇಖನ ಅದು. ಅದರಲ್ಲಿ 13 ಅಂಶಗಳಿವೆ. ಎಲ್ಲವನ್ನೂ ಬಾಯಿಪಾಠ ಮಾಡಬೇಕಿಲ್ಲ, ನಿಮಗೆ ಸದ್ಯಕ್ಕೆ ಮೂರು ಸಾಕು.

ಒಂದು, ವಿಸ್ಕಾಸಿಟಿ. ಸಣ್ಣದೊಂದು ಬದಲಾವಣೆಗೆ ಕೈಗೆ ಎಷ್ಟು ಕೆಲಸ ಬೀಳುತ್ತದೆ ಅನ್ನೋದು. ನಿಮ್ಮ ಟೂಲ್‌ನಲ್ಲೇ ನೋಡಿ: ಎರಡು ಡಬ್ಬಿಗಳ ಮಧ್ಯೆ ಮೂರನೆಯದನ್ನು ತೂರಿಸಬೇಕು. ಬಾಣ ಅಳಿಸಬೇಕು, ಜಾಗಕ್ಕಾಗಿ ಬಲಗಡೆಯ ಡಬ್ಬಿಗಳನ್ನೆಲ್ಲ ಸರಿಸಬೇಕು, ಹೊಸದಾಗಿ ಎರಡು ಬಾಣ ಎಳೆಯಬೇಕು, ಅಡ್ಡ ಹಾಯ್ದ ಗೆರೆಗಳನ್ನು ಬಿಡಿಸಬೇಕು. ಅಕ್ಷರದ ಕೋಡ್‌ನಲ್ಲಾದರೆ ಇದು ಒಂದು ಸಾಲು ಅಷ್ಟೇ. ಗ್ರೀನ್ ಮತ್ತು ಪೆಟ್ರೆ ಒಂದು ಚಿಕ್ಕ ಪ್ರೋಗ್ರಾಮಿಗೆ ಒಂದೇ ಬದಲಾವಣೆಯನ್ನು ಬೇರೆ ಬೇರೆ ಭಾಷೆಗಳಲ್ಲಿ ಮಾಡಿಸಿ ನೋಡಿದರು. ಅಕ್ಷರದಲ್ಲಿ ಬರೆಯುವ ಬೇಸಿಕ್ ಭಾಷೆಯಲ್ಲಿ ಸುಮಾರು ಒಂದು ನಿಮಿಷ ಹಿಡಿಯಿತು. ಡಬ್ಬಿ-ತಂತಿಯ ಲ್ಯಾಬ್‌ವ್ಯೂನಲ್ಲಿ ಎಂಟು ನಿಮಿಷದ ಮೇಲೆ. ಡೆಮೊದಲ್ಲಿ ಇದು ಕಾಣುವುದೇ ಇಲ್ಲ. ಅಲ್ಲಿ ಎಲ್ಲರೂ ಹೊಸದಾಗಿ ಕಟ್ಟುತ್ತಾರೆ, ಕಟ್ಟಿದ್ದನ್ನು ಯಾರೂ ಬದಲಾಯಿಸುವುದಿಲ್ಲ.

ಎರಡು, ಕಣ್ಣಿಗೆ ಕಾಣದ ಅವಲಂಬನೆ. ಸ್ಪ್ರೆಡ್‌ಶೀಟ್‌ನ ಒಂದು ಸೆಲ್ ಒತ್ತಿದರೆ ಅದು ಎಲ್ಲಿಂದ ಲೆಕ್ಕ ತೆಗೆದುಕೊಳ್ಳುತ್ತದೆ ಗೊತ್ತಾಗುತ್ತದೆ. ಅದನ್ನು ಬೇರೆ ಯಾವ ಯಾವ ಸೆಲ್‌ಗಳು ಬಳಸುತ್ತಿವೆ ಅಂತ ಅದರ ಸೂತ್ರ ಓದಿದರೆ ಗೊತ್ತಾಗುವುದಿಲ್ಲ. ಬಾಣಗಳು ಇಲ್ಲಿ ಗೆಲ್ಲುತ್ತವೆ, ಎರಡೂ ಕಡೆ ಕಾಣಿಸುತ್ತವೆ. ಆದರೆ ಅದಕ್ಕೆ ತೆರುವ ಬೆಲೆಯೇ ಗೆರೆಗಳ ಗೋಜಲು. ಒಂದು ಅಂಶ ಸುಧಾರಿಸಿದರೆ ಇನ್ನೊಂದು ಕೆಡುವುದು ಮಾಮೂಲು.

ಮೂರನೆಯದು ಸೆಕೆಂಡರಿ ನೋಟೇಶನ್. ಡಬ್ಬಿ ಎಲ್ಲಿದೆ, ಯಾವುದರ ಪಕ್ಕ ಇದೆ ಅನ್ನೋದು ಕಂಪ್ಯೂಟರಿಗೆ ಬೇಕಿಲ್ಲ, ಓದುವವರಿಗೆ ಬೇಕು. ಪಳಗಿದವರು ಸಂಬಂಧಪಟ್ಟದ್ದನ್ನು ಒಂದು ಕಡೆ ಗುಂಪು ಮಾಡಿ ಇಡುತ್ತಾರೆ. ಹೊಸಬರು ಎಲ್ಲೋ ಇಡುತ್ತಾರೆ, ಬೇರೆಯವರು ಇಟ್ಟದ್ದನ್ನು ಓದಲೂ ಅವರಿಗೆ ಬರುವುದಿಲ್ಲ. ಪೆಟ್ರೆ 1995ರಲ್ಲಿ ಇದನ್ನೇ ಬರೆದರು: ಚಿತ್ರ ಓದುವುದನ್ನೂ ಕಲಿಯಬೇಕು. ಚಿತ್ರ ಅಂದಮೇಲೆ ಯಾರಿಗಾದರೂ ಅರ್ಥವಾಗುತ್ತದೆ ಎಂಬ ಮಾತನ್ನು ನಾನಂತೂ ಒಪ್ಪುವುದಿಲ್ಲ.

ಚಾರ್ಟ್, ನಕ್ಷೆ ಕೆಲಸ ಮಾಡುವವರು:
ಮೇಲಿನದೆಲ್ಲ ಸರಿ. ಆದರೆ ಸಂಕೇತಗಳನ್ನು ಅಷ್ಟು ಬೇಗ ಪಕ್ಕಕ್ಕಿಡಬೇಡಿ. ಸಂಶೋಧಕ ಡೇನಿಯಲ್ ಮೂಡಿ 2009ರಲ್ಲಿ ಸಂಕೇತಗಳನ್ನು ಅಳೆಯಲು ಒಂಬತ್ತು ತತ್ವ ಕೊಟ್ಟರು. ಮೊದಲನೆಯದೇ ಸಾಕಷ್ಟು ಕೆಲಸ ಮಾಡುತ್ತದೆ: ಒಂದು ಅರ್ಥಕ್ಕೆ ಒಂದೇ ಸಂಕೇತ, ಒಂದು ಸಂಕೇತಕ್ಕೆ ಒಂದೇ ಅರ್ಥ. ಕಾಗದದ ಎಡಕ್ಕೆ ನಿಮ್ಮ ಭಾಷೆಯ ಅರ್ಥಗಳನ್ನು ಬರೆಯಿರಿ, ಬಲಕ್ಕೆ ಸಂಕೇತಗಳನ್ನು. ಗೆರೆ ಎಳೆದು ಹೊಂದಿಸಿ. ನಾನು ನೋಡಿದ ಇಂಥ ಟೂಲ್‌ಗಳಲ್ಲಿ ಸಿಕ್ಕಿಬೀಳುವುದು ಹೆಚ್ಚಾಗಿ ಬಾಣವೇ. ಒಂದು ಕಡೆ 'ಡೇಟಾ ಇಲ್ಲಿಗೆ ಹೋಗುತ್ತದೆ' ಅಂತ, ಇನ್ನೊಂದು ಕಡೆ 'ಇದಾದ ಮೇಲೆ ಅದು' ಅಂತ. ಎರಡಕ್ಕೂ ಅದೇ ಬಾಣ. ಬಳಸುವವರು ಪ್ರತಿ ಸಲ ಊಹಿಸಬೇಕು.

ಬಣ್ಣದ ಬಗ್ಗೆ: ಫ್ರೆಂಚ್ ನಕ್ಷಾತಜ್ಞ ಜಾಕ್ ಬರ್ತಾಂ 1967ರಲ್ಲೇ ಚಿತ್ರದಲ್ಲಿ ವ್ಯತ್ಯಾಸ ತೋರಿಸುವ ದಾರಿಗಳನ್ನು ಜಾಗ, ಗಾತ್ರ, ಗಾಢತೆ, ಕಣ (ಚುಕ್ಕೆ-ಗೆರೆಗಳ ವಿನ್ಯಾಸ), ಬಣ್ಣ, ದಿಕ್ಕು, ಆಕಾರ ಎಂದು ವಿಂಗಡಿಸಿದ್ದರು. ಬಣ್ಣ ಬಗೆಗಳನ್ನು ಬೇರ್ಪಡಿಸುತ್ತದೆ. ಹಸಿರು ಮೇಲೋ ನೀಲಿ ಮೇಲೋ ಅಂದರೆ ಕಣ್ಣು ಏನನ್ನೂ ಹೇಳುವುದಿಲ್ಲ. ಹೆಚ್ಚು ಕಡಿಮೆ ತೋರಿಸಬೇಕಾದರೆ ಗಾತ್ರ ಅಥವಾ ಗಾಢತೆ ಬಳಸಿ. ಕೆಂಪು-ಹಸಿರು ಗುರುತಿಸಲಾಗದವರೂ ಇರುತ್ತಾರೆ, ಹಾಗಾಗಿ ಬಣ್ಣದ ಜೊತೆ ಆಕಾರವನ್ನೂ ಬದಲಾಯಿಸಿ.

ಮಕ್ಕಳಿಗೆ ಪ್ರೋಗ್ರಾಮಿಂಗ್ ಕಲಿಸುವವರು:
ಬಾಣವೇ ಬೇಕಾ ಅಂತ ಯಾರೂ ಕೇಳಲಿಲ್ಲವಲ್ಲ! 2007ರಲ್ಲಿ ಬಂದ ಸ್ಕ್ರ್ಯಾಚ್ ಎಂಬ ಮಕ್ಕಳ ಪ್ರೋಗ್ರಾಮಿಂಗ್ ಭಾಷೆ ನೋಡಿ. ಅಲ್ಲಿ ತಂತಿಗಳಿಲ್ಲ, ಬ್ಲಾಕ್‌ಗಳು ಒಂದರ ಕೆಳಗೊಂದು ಕಚ್ಚಿಕೊಳ್ಳುತ್ತವೆ. ಹೌದು-ಅಲ್ಲ ಹೇಳುವ ಬ್ಲಾಕ್‌ಗೆ ಆರು ಮೂಲೆ. 'ಹೀಗಿದ್ದರೆ' ಬ್ಲಾಕಿನ ಖಾಲಿ ಜಾಗಕ್ಕೂ ಆರು ಮೂಲೆ. ಸಂಖ್ಯೆಯ ದುಂಡನೆಯ ಬ್ಲಾಕನ್ನು ಅಲ್ಲಿಗೆ ತುರುಕಲು ಹೋದರೆ ಅದು ಕೂರುವುದೇ ಇಲ್ಲ. ವ್ಯಾಕರಣದ ತಪ್ಪು ಮಾಡಲು ಜಾಗವೇ ಇಲ್ಲ, ಎರರ್ ಮೆಸೇಜ್ ಓದುವ ಗೋಳೂ ಇಲ್ಲ. ಮಧ್ಯೆ ಒಂದು ಬ್ಲಾಕ್ ತೂರಿಸಿದರೆ ಕೆಳಗಿನವು ತಾವಾಗಿಯೇ ಸರಿಯುತ್ತವೆ. ಇನ್ನೊಂದು, ಬ್ಲಾಕ್ ಮೇಲೆ ಮಾತಿನಲ್ಲೇ ಬರೆದಿರುತ್ತದೆ. ಬರೀ ಚಿತ್ರ ನೆಚ್ಚಿಕೊಂಡಿಲ್ಲ. ನಿಮ್ಮ ಕೆಲಸಗಳು ಒಂದಾದ ಮೇಲೊಂದು ನಡೆಯುವಂಥವಾದರೆ ಬಾಣ ಬಿಟ್ಟು ನೋಡಿ. ಕವಲುಗಳು ಮತ್ತೆ ಮತ್ತೆ ಒಂದುಗೂಡುವಂತಿದ್ದರೆ ಬಾಣ ಬೇಕಾಗುತ್ತದೆ, ಆಗ ನನ್ನ ಸಲಹೆ ನಡೆಯುವುದಿಲ್ಲ.

ಕೇಳಿದವರು:
ತುಂಬಾ ಥ್ಯಾಂಕ್ಸ್. ನಮ್ಮ ಬಾಣಕ್ಕೂ ಎರಡು ಅರ್ಥ ಇದೆ, ಈಗ ಗಮನಿಸಿದೆ. ನಮ್ಮಲ್ಲಿ ಚಿತ್ರವನ್ನು ತಾನೇ ಓರಣ ಮಾಡುವ ಬಟನ್ ಇದೆ. ಸೆಕೆಂಡರಿ ನೋಟೇಶನ್ ವಿಷಯ ಓದಿದ ಮೇಲೆ ಅನುಮಾನ ಶುರುವಾಗಿದೆ. ತೆಗೆದುಬಿಡಲಾ?

ಇಂಟರ್‌ಫೇಸ್ ಡಿಸೈನರ್:
ಬೇಡ, ಹೊಸಬರಿಗೆ ಅದು ಬೇಕು. ಆರಿಸಿದ ಭಾಗಕ್ಕೆ ಮಾತ್ರ ಕೆಲಸ ಮಾಡುವಂತೆ ಮಾಡಿ. ಒಂದು ಡಬ್ಬಿಯನ್ನು ಅದರ ಜಾಗಕ್ಕೆ ಕಟ್ಟಿಹಾಕುವ ಅವಕಾಶ ಕೊಡಿ. ಗುಂಪಿನ ಸುತ್ತ ಚೌಕಟ್ಟು ಹಾಕಿ ಹೆಸರು ಬರೆಯಲು ಬಿಡಿ. ಸರಿಯೆನಿಸಿತಾ ಅಂತ ನೋಡಲು ಮತ್ತೆ ಡೆಮೊ ಮಾಡಬೇಡಿ. ಬೇರೆಯವರು ಕಟ್ಟಿದ ದೊಡ್ಡ ಚಿತ್ರವೊಂದನ್ನು ಬಳಕೆದಾರರ ಕೈಗೆ ಕೊಟ್ಟು ಒಂದೇ ಒಂದು ಹೆಜ್ಜೆ ಸೇರಿಸಲು ಹೇಳಿ. ಸುಮ್ನೆ ಪಕ್ಕದಲ್ಲಿ ಕೂತು, ಆ ಹೆಜ್ಜೆಗೆ ಸಂಬಂಧವಿಲ್ಲದ ಎಷ್ಟು ಡಬ್ಬಿಗಳನ್ನು ಸರಿಸಬೇಕಾಯಿತು ಅಂತ ಎಣಿಸಿ. ಆ ಸಂಖ್ಯೆ ಇಳಿದ ಮೇಲೆ ಐಕಾನ್ ಚೆಂದ ಮಾಡಿದರಾಯಿತು.