ಹೇಟೆ ಯಾವುದು, ಹುಂಜ ಯಾವುದು? ಬೆರೆತುಹೋದ ಕೋಳಿಮರಿಗಳನ್ನು ಗುರುತಿಸಿ ಸಾಕುವುದು ಹೇಗೆ?

ಪ್ರಶ್ನೆ (ಮುಧೋಳ ತಾಲ್ಲೂಕು, ಬಾಗಲಕೋಟೆ ಜಿಲ್ಲೆ):

ನಮ್ಮ ಹಿತ್ತಲಿನಲ್ಲಿ ಕಾವಿಗೆ ಕೂತಿದ್ದ ಜವಾರಿ ಕೋಳಿ ನಿನ್ನೆ ಒಂಬತ್ತು ಮರಿ ಮಾಡಿದೆ. ಇದೇ ಹೊತ್ತಿಗೆ ಸಂತೆಯಿಂದ ಹನ್ನೆರಡು ಎಳೆಯ ಮರಿಗಳನ್ನೂ ತಂದಿದ್ದೇವೆ. ಅವುಗಳಲ್ಲಿ ಎಂಟು ಗಿರಿರಾಜ, ನಾಲ್ಕು ಕಡಕ್‌ನಾಥ್ ಎಂದು ಮಾರಿದವರು ಹೇಳಿದರು. ನೋಡಿದರೆ ಕೆಲವು ಹಳದಿ ಇವೆ, ಕೆಲವಕ್ಕೆ ಬೆನ್ನ ಮೇಲೆ ಕಂದು ಗೆರೆಗಳಿವೆ, ಐದಾರು ಕಪ್ಪಗಿವೆ. ನಮಗೆ ಮನೆಗೆ ಮೊಟ್ಟೆ ಬೇಕಾಗಿರುವುದರಿಂದ ಹೇಟೆಗಳನ್ನು ಉಳಿಸಿಕೊಂಡು, ಒಂದೆರಡು ಒಳ್ಳೆಯ ಹುಂಜಗಳನ್ನು ಬಿಟ್ಟು, ಉಳಿದವನ್ನು ಬೆಳೆದ ಮೇಲೆ ಮಾರುವ ಯೋಚನೆಯಿದೆ. ರೆಕ್ಕೆಯ ಗರಿ ನೋಡಿ ಮೊದಲ ದಿನವೇ ಹೇಳಬಹುದು ಎಂದು ಒಬ್ಬರು ಹೇಳಿದರೆ, ಚೂಪು ತುದಿಯ ಮೊಟ್ಟೆಯಿಂದ ಹುಂಜವೇ ಹುಟ್ಟುತ್ತದೆ ಎಂದು ಮನೆಯ ಹಿರಿಯರು ಹೇಳುತ್ತಾರೆ. ಇವುಗಳಲ್ಲಿ ಯಾವುದನ್ನು ನಂಬಬೇಕು? ಮುಂದೆ ಎಲ್ಲವೂ ಒಟ್ಟಿಗೆ ಮೇಯುವಾಗ ನಮ್ಮ ಕೋಳಿಯ ಮರಿಗಳನ್ನು ಗುರುತು ಹಿಡಿಯುವುದು ಹೇಗೆ? ಈಗ ರಾತ್ರಿ ಚಳಿ ಜೋರಾಗಿದೆ, ಕರೆಂಟನ್ನು ನಂಬಿ ಕೂರುವಂತಿಲ್ಲ ಎಂಬುದನ್ನೂ ಗಮನಿಸಿ ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1 (ಗೋಕಾಕ):

ಮೊಟ್ಟೆಯ ಆಕಾರಕ್ಕೂ ಮರಿಯ ಲಿಂಗಕ್ಕೂ ಸಂಬಂಧವಿಲ್ಲ. ಕೋಳಿಗಳಲ್ಲಿ ಹೆಣ್ಣು ಗಂಡನ್ನು ನಿರ್ಧರಿಸುವುದು ತಾಯಿಯ ಕಡೆಯಿಂದ ಬರುವ ವರ್ಣತಂತು. ಮೊಟ್ಟೆಗೆ ಚಿಪ್ಪು ಕೂಡುವ ಮೊದಲೇ ಅದು ತೀರ್ಮಾನವಾಗಿರುತ್ತದೆ. ಆದ್ದರಿಂದ ಎಂಥ ಮೊಟ್ಟೆಗಳನ್ನು ಆರಿಸಿ ಕಾವಿಗೆ ಇಟ್ಟರೂ ಸರಾಸರಿಯಲ್ಲಿ ಅರ್ಧ ಹುಂಜ, ಅರ್ಧ ಹೇಟೆ ಎಂದೇ ಲೆಕ್ಕ ಹಾಕಿಕೊಳ್ಳಬೇಕು.

ರೆಕ್ಕೆಯ ಗರಿಯ ಮಾತು ಸುಳ್ಳಲ್ಲ, ಆದರೆ ನಿಮ್ಮ ಮರಿಗಳಿಗೆ ಅನ್ವಯಿಸುವುದಿಲ್ಲ. ಗರಿ ಬೇಗ ಬರುವ ತಳಿಯ ಹುಂಜವನ್ನು ಗರಿ ನಿಧಾನವಾಗಿ ಬರುವ ತಳಿಯ ಹೇಟೆಗೆ ಬೇಕೆಂದೇ ಕೂಡಿಸಿದಾಗ ಮಾತ್ರ ಹೆಣ್ಣು ಮರಿಯ ರೆಕ್ಕೆಯ ಅಂಚಿನಲ್ಲಿ ಉದ್ದ ಗರಿ, ಗಿಡ್ಡ ಗರಿ ಎಂದು ಎರಡು ಸಾಲು ಎದ್ದು ಕಾಣುತ್ತವೆ. ಗಂಡು ಮರಿಯಲ್ಲಿ ಎರಡೂ ಸಾಲು ಹೆಚ್ಚುಕಡಿಮೆ ಸಮ ಇರುತ್ತವೆ. ತಂದೆ ಯಾರು, ತಾಯಿ ಯಾರು ಎಂಬುದೇ ಗೊತ್ತಿಲ್ಲದ ಜವಾರಿ ಮರಿಗಳಲ್ಲಿ ಈ ಗುರುತನ್ನು ನಂಬಿ ಮರಿ ಮಾರಬೇಡಿ. ಗುದದ್ವಾರವನ್ನು ಅರಳಿಸಿ ನೋಡುವ ಜಪಾನಿ ವಿಧಾನವೂ ಇದೆ, ಆದರೆ ಅದಕ್ಕೆ ದೀರ್ಘ ತರಬೇತಿ ಬೇಕು. ಅಭ್ಯಾಸವಿಲ್ಲದ ಕೈಯಲ್ಲಿ ಎಳೆಯ ಮರಿ ಸತ್ತೇ ಹೋಗಬಹುದು.

ಸ್ವಲ್ಪ ತಾಳ್ಮೆಯಿಂದ ಕಾಯಿರಿ. ಐದಾರು ವಾರಕ್ಕೆ ಹುಂಜದ ಜುಟ್ಟು ಅಗಲವಾಗಿ ಕೆಂಪೇರತೊಡಗುತ್ತದೆ, ಅದೇ ವಯಸ್ಸಿನ ಹೇಟೆಯ ಜುಟ್ಟು ಇನ್ನೂ ಸಣ್ಣದಾಗಿ, ಹಳದಿ ಬೆರೆತ ಬಣ್ಣದಲ್ಲಿ ಇರುತ್ತದೆ. ಜವಾರಿಯಲ್ಲಿ ಇದು ಇನ್ನೊಂದೆರಡು ವಾರ ತಡವಾಗಬಹುದು. ಕಾಳಗದ ಕೋಳಿಯಾದ ಅಸೀಲ್ ತಳಿಯ ರಕ್ತ ಬೆರೆತಿದ್ದರೆ ಜುಟ್ಟು ಮೊದಲೇ ಚಿಕ್ಕದು, ಆಗ ಜುಟ್ಟನ್ನು ಬಿಟ್ಟು ಗರಿಯನ್ನು ನೋಡಿ. ಹತ್ತು ಹನ್ನೆರಡು ವಾರದ ಕೋಳಿಯ ಬಾಲದ ಬುಡಕ್ಕೆ ಬೆರಳು ಹಾಕಿ ಗರಿ ಸರಿಸಿದರೆ, ಹುಂಜದಲ್ಲಿ ಸಣ್ಣಗೆ, ತುದಿ ಚೂಪಾದ, ಹೊಳೆಯುವ ಗರಿಗಳು ಇಳಿಬಿದ್ದಿರುತ್ತವೆ. ಹೇಟೆಯಲ್ಲಿ ಅದೇ ಜಾಗದ ಗರಿಯ ತುದಿ ದುಂಡಗಿರುತ್ತದೆ. ಈ ಗುರುತು ತಪ್ಪುವುದು ತೀರಾ ಅಪರೂಪ.

ತಳಿಯ ವಿಷಯಕ್ಕೆ ಬಂದರೆ, ಬೆಂಗಳೂರಿನ ಹೆಬ್ಬಾಳದಲ್ಲಿ ಅಭಿವೃದ್ಧಿಪಡಿಸಿದ ಗಿರಿರಾಜ ಬಣ್ಣಬಣ್ಣದ ಕೋಳಿಯಾದ್ದರಿಂದ ಮರಿಯ ತುಪ್ಪಳದ ಬಣ್ಣ ನೋಡಿ ಅದನ್ನು ಹೇಳಲಾಗದು. ಮೂರು ನಾಲ್ಕು ವಾರಕ್ಕೆ ಅದರ ದಪ್ಪ ಕಾಲು, ಮೈಯ ತೂಕವೇ ಜವಾರಿಗಿಂತ ಬೇರೆ ಎಂದು ತೋರಿಸಿಕೊಡುತ್ತದೆ. ಕಡಕ್‌ನಾಥ್ ಮಧ್ಯಪ್ರದೇಶದ ಝಾಬುವಾ ಕಡೆಯ ತಳಿ, 2018ರಲ್ಲಿ ಝಾಬುವಾದ ಕಡಕ್‌ನಾಥ್ ಮಾಂಸಕ್ಕೆ ಭೌಗೋಳಿಕ ಸೂಚಿಕೆ (ಜಿಐ ಮಾನ್ಯತೆ) ದೊರೆತಿದೆ. ಕಪ್ಪು ಮರಿಗಳೆಲ್ಲ ಕಡಕ್‌ನಾಥ್ ಅಲ್ಲ. ಮರಿಯನ್ನು ಅಂಗೈ ಮೇಲೆ ಮಲಗಿಸಿ ಹೊಟ್ಟೆ, ಪಾದ, ಕೊಕ್ಕು ನೋಡಿ: ಬೆನ್ನು ಕಪ್ಪಗಿದ್ದು ಹೊಟ್ಟೆ ಬೆಳ್ಳಗೆ, ಬೆರಳುಗಳು ತಿಳಿಬಣ್ಣಕ್ಕೆ ಇದ್ದರೆ ಅದು ಸಾಮಾನ್ಯ ಕಪ್ಪು ಮರಿ. ಕೊಕ್ಕು, ಕಾಲು, ಅಂಗಾಲು, ತುಪ್ಪಳ ಸರಿಸಿದಾಗ ಕಾಣುವ ಚರ್ಮ ಎಲ್ಲವೂ ಸ್ಲೇಟಿನಂತೆ ಕಪ್ಪಾಗಿದ್ದರೆ ಮಾತ್ರ ಮಾರಿದವರ ಮಾತನ್ನು ನಂಬಬಹುದು.

ಉತ್ತರ 2 (ಇಂಡಿ, ವಿಜಯಪುರ ಜಿಲ್ಲೆ):

ಗುರುತು ಹಾಕುವ ಬಗ್ಗೆ ನನ್ನ ಸಲಹೆ. ಬಣ್ಣದ ದಾರ ಕಟ್ಟಬೇಡಿ. ಮರಿಯ ಕಾಲು ದಪ್ಪವಾಗುತ್ತ ಹೋದಂತೆ ದಾರ ಚರ್ಮದೊಳಗೆ ಹೂತುಹೋಗಿ ಕಾಲೇ ಕುಂಟಾಗುತ್ತದೆ, ಗಮನಕ್ಕೆ ಬರುವಷ್ಟರಲ್ಲಿ ತಡವಾಗಿರುತ್ತದೆ. ಸುರುಳಿಯಾಕಾರದ ಪ್ಲಾಸ್ಟಿಕ್ ಉಂಗುರ ಹಾಕುವುದಾದರೆ ಪ್ರತಿ ವಾರ ಸಡಿಲಿಸಿ ನೋಡುವ, ದೊಡ್ಡದಕ್ಕೆ ಬದಲಿಸುವ ಶಿಸ್ತು ಬೇಕು.

ಇದಕ್ಕಿಂತ ಒಳ್ಳೆಯದು ಬೆರಳುಗಳ ನಡುವಿನ ಪೊರೆಯಲ್ಲಿ ಸಣ್ಣ ತೂತು ಮಾಡುವ ಹಳೆಯ ಪದ್ಧತಿ. ಮುಂದಿನ ಮೂರು ಬೆರಳುಗಳ ನಡುವೆ ಒಂದು ಕಾಲಿಗೆ ಎರಡು ಪೊರೆಗಳಂತೆ ಎರಡು ಕಾಲಿಗೆ ನಾಲ್ಕು ಜಾಗ ಸಿಗುತ್ತವೆ. ಯಾವುದರಲ್ಲಿ ತೂತಿದೆ, ಯಾವುದರಲ್ಲಿ ಇಲ್ಲ ಎಂಬ ಲೆಕ್ಕದಲ್ಲಿ 16 ಬೇರೆ ಬೇರೆ ಗುರುತುಗಳಾಗುತ್ತವೆ. ನಿಮಗೆ ಮೂರೇ ಸಾಕು: ನಿಮ್ಮ ಕೋಳಿಯ ಮರಿಗೆ ಎಡಗಾಲಿನ ಹೊರಪೊರೆ, ಗಿರಿರಾಜಕ್ಕೆ ಬಲಗಾಲಿನ ಹೊರಪೊರೆ, ಕಡಕ್‌ನಾಥ್‌ಗೆ ಏನೂ ಬೇಡ. ಇದಕ್ಕೆಂದೇ ಸಿಗುವ ಪಂಚನ್ನು ಸ್ಪಿರಿಟ್‌ನಿಂದ ಒರೆಸಿ, ಮೊದಲ ಒಂದೆರಡು ದಿನಗಳಲ್ಲೇ ಮಾಡಬೇಕು. ಕತ್ತರಿಸಿದ ಚೂರು ಪೂರ್ತಿ ಉದುರಬೇಕು, ಅಂಚಿಗೆ ಅಂಟಿಕೊಂಡು ಉಳಿದರೆ ತೂತು ಮತ್ತೆ ಕೂಡಿಕೊಳ್ಳುತ್ತದೆ. ಯಾವ ಗುರುತು ಯಾವುದಕ್ಕೆ ಎಂಬುದನ್ನು ಅಂದೇ ವಹಿಯಲ್ಲಿ ಬರೆದಿಡಿ.

ಉತ್ತರ 3 (ಬಾದಾಮಿ):

ಗುರುತಿಗಿಂತ ಮೊದಲು ಮರಿ ಬದುಕಬೇಕಲ್ಲವೇ? ಸಂತೆಯ ಮರಿಗಳಿಗೆ ತಾಯಿ ಇಲ್ಲ, ಆದ್ದರಿಂದ ಮೊದಲ ವಾರ ಅವುಗಳ ಮೈಮಟ್ಟದಲ್ಲಿ ಸುಮಾರು 35 ಡಿಗ್ರಿ ಸೆಲ್ಸಿಯಸ್ ಬಿಸಿ ಇರಬೇಕು, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತ ಹೋಗಬೇಕು. ಥರ್ಮಾಮೀಟರ್ ಇಲ್ಲದಿದ್ದರೂ ಚಿಂತೆಯಿಲ್ಲ, ಮರಿಗಳೇ ಹೇಳುತ್ತವೆ. ಬಲ್ಬಿನ ಕೆಳಗೆ ಒಂದರ ಮೇಲೊಂದು ಬಿದ್ದು ಚೀರುತ್ತಿದ್ದರೆ ಚಳಿಯಾಗಿದೆ. ಬಲ್ಬಿನಿಂದ ದೂರ ಸರಿದು ಬಾಯಿ ತೆರೆದು ಏದುತ್ತಿದ್ದರೆ ಸೆಕೆಯಾಗಿದೆ. ಎಲ್ಲವೂ ಒಂದೇ ಮೂಲೆಗೆ ಸೇರಿದ್ದರೆ ಎಲ್ಲಿಂದಲೋ ಗಾಳಿ ಬೀಸುತ್ತಿದೆ. ಹರಡಿಕೊಂಡು ನಿಶ್ಚಿಂತೆಯಿಂದ ಮಲಗಿದ್ದರೆ ಎಲ್ಲ ಸರಿಯಾಗಿದೆ. ಕರೆಂಟು ಹೋದಾಗ ಮುಚ್ಚಿದ ಕೋಣೆಯಲ್ಲಿ ಇದ್ದಿಲ ಒಲೆ ಇಡಬೇಡಿ, ಅದರ ವಿಷಾನಿಲಕ್ಕೆ ಮರಿಗಳೂ ಮನುಷ್ಯರೂ ಸಾಯುತ್ತಾರೆ. ಬಿಸಿನೀರಿನ ಕ್ಯಾನಿಗೆ ಗೋಣಿಚೀಲ ಸುತ್ತಿ ನಡುವೆ ಇಡಿ.

ನೆಲಕ್ಕೆ ಬರೀ ಪೇಪರು ಹಾಸಿದರೆ ಕಾಲು ಜಾರಿ ಮರಿಗಳು ಚಪ್ಪೆಗಾಲಾಗುತ್ತವೆ. ಶೇಂಗಾ ಹೊಟ್ಟು ಅಥವಾ ಭತ್ತದ ಹೊಟ್ಟನ್ನು ಎರಡು ಇಂಚು ಹರಡಿ, ಒದ್ದೆಯಾದ ಜಾಗವನ್ನು ದಿನವೂ ತೆಗೆದುಹಾಕಿ. ಮೂರನೇ ವಾರದ ನಂತರ ಕಾಡುವ ರಕ್ತಭೇದಿಗೆ ಒದ್ದೆ ಹಾಸಿಗೆಯೇ ತವರು. ಗೋವಿನಜೋಳದ ನುಚ್ಚೊಂದನ್ನೇ ಹಾಕಿದರೆ ಬೆಳವಣಿಗೆ ಸಾಲದು, ಎಂಟು ವಾರದವರೆಗೆ ಶೇಕಡಾ 20ರಷ್ಟು ಪ್ರೋಟೀನ್ ಇರುವ ಮರಿಗಳ ಆಹಾರ ಬೇಕು. ಮೊಟ್ಟೆಕೋಳಿಯ ಆಹಾರವನ್ನು ಮರಿಗಳಿಗೆ ಹಾಕಬೇಡಿ, ಅದರಲ್ಲಿರುವ ಹೆಚ್ಚಿನ ಸುಣ್ಣ ಎಳೆಯ ಮೂತ್ರಪಿಂಡವನ್ನು ಕೆಡಿಸುತ್ತದೆ.

ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆಯನ್ನು ತಪ್ಪಿಸಲೇಬೇಡಿ. ಐದರಿಂದ ಏಳನೇ ದಿನದೊಳಗೆ ಲಸೋಟಾ ಎಂಬ ಲಸಿಕೆ ಕಣ್ಣಿಗೆ ಒಂದು ಹನಿ, ನಾಲ್ಕನೇ ವಾರಕ್ಕೆ ಮತ್ತೊಮ್ಮೆ, ಎಂಟು ವಾರ ದಾಟಿದ ಮೇಲೆ ಅದೇ ರೋಗಕ್ಕೆ ಆರ್‌ಟುಬಿ ಎಂಬ ಚುಚ್ಚುಮದ್ದು. ಒಂದು ಸೀಸೆಯಲ್ಲಿ ನೂರಾರು ಕೋಳಿಗಳಿಗೆ ಆಗುವಷ್ಟು ಲಸಿಕೆ ಇರುತ್ತದೆ, ಕಲಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಆದ್ದರಿಂದ ಓಣಿಯವರೆಲ್ಲ ಒಂದೇ ದಿನ ನಿಗದಿ ಮಾಡಿಕೊಂಡು, ಪಶು ಆಸ್ಪತ್ರೆಯಲ್ಲಿ ವಿಚಾರಿಸಿ, ಐಸ್ ಹಾಕಿದ ಥರ್ಮಾಸಿನಲ್ಲಿ ತರಿಸುವುದು ಸೂಕ್ತ.

ಪ್ರಶ್ನೆ ಕೇಳಿದವರು:

ಮೂವರಿಗೂ ಧನ್ಯವಾದಗಳು. ಸಂತೆಯ ಮರಿಗಳನ್ನೂ ನಮ್ಮ ಕೋಳಿಯ ಕೆಳಗೇ ಬಿಟ್ಟರೆ ಕರೆಂಟಿನ ಚಿಂತೆ ತಪ್ಪುತ್ತದೆಯಲ್ಲವೇ?

ಉತ್ತರ 3 (ಬಾದಾಮಿ):

ಮರಿಗಳು ಎರಡು ಮೂರು ದಿನದೊಳಗಿನವಾಗಿದ್ದರೆ ಸಾಧ್ಯ. ಆದರೆ ಇಪ್ಪತ್ತೊಂದು ಮರಿಗಳು ಒಂದು ಜವಾರಿ ಕೋಳಿಯ ರೆಕ್ಕೆಯಡಿ ಈ ಚಳಿಯಲ್ಲಿ ಹಿಡಿಸುವುದಿಲ್ಲ, ಅಂಚಿನಲ್ಲಿ ಉಳಿದವು ಬೆಳಗಾಗುವಷ್ಟರಲ್ಲಿ ಸೆಟೆದಿರುತ್ತವೆ. ಸಂತೆಯ ಮರಿಗಳು ಯಾವ ರೋಗ ಹೊತ್ತು ಬಂದಿವೆಯೋ ತಿಳಿಯದು, ಆದ್ದರಿಂದ ನಾನಾದರೆ ಅವನ್ನು ಬೇರೆಯೇ ಸಾಕುತ್ತೇನೆ. ಬಿಡಲೇಬೇಕೆಂದಿದ್ದರೆ ಚುರುಕಾಗಿರುವ ಮೂರು ನಾಲ್ಕನ್ನು ಮಾತ್ರ ಆರಿಸಿ, ಕತ್ತಲಾದ ಮೇಲೆ ಒಂದೊಂದಾಗಿ ಕೋಳಿಯ ಹೊಟ್ಟೆಯಡಿ ಸೇರಿಸಿ, ಬೆಳಕು ಹರಿಯುವ ಹೊತ್ತಿಗೆ ಹತ್ತಿರವೇ ನಿಂತು ನೋಡಿ. ಕಪ್ಪು ಮರಿಗಳನ್ನು ಕುಕ್ಕತೊಡಗಿದರೆ ಕೂಡಲೇ ತೆಗೆದು ಬಲ್ಬಿನ ಕೆಳಗೆ ಬಿಡಿ, ಮತ್ತೆ ಪ್ರಯತ್ನಿಸಬೇಡಿ.