ಡಬಲ್ ಪೈಪ್ ಹೀಟ್ ಎಕ್ಸ್‌ಚೇಂಜರ್: ಬಿಸಿ ಕಡೆ 824 ವಾಟ್, ತಣ್ಣೀರಿನ ಕಡೆ 694. ಉಳಿದದ್ದು ಎಲ್ಲಿ ಹೋಯ್ತು?

ಪ್ರಶ್ನೆ
ಒಂದರೊಳಗೆ ಒಂದು ಪೈಪ್ ಇಟ್ಟು ಬಿಸಿನೀರಿಂದ ತಣ್ಣೀರಿಗೆ ಶಾಖ ದಾಟಿಸೋ ಸಾಧನ ಇದು. ಒಳಗೆ ತಾಮ್ರದ ಕೊಳವೆ: ಒಳವ್ಯಾಸ 9.5 ಮಿಮೀ, ಹೊರವ್ಯಾಸ 12.5 ಮಿಮೀ, ಉದ್ದ 1.5 ಮೀ. ಹೊರ ಪೈಪಿನ ಒಳವ್ಯಾಸ 28 ಮಿಮೀ. ಕೌಂಟರ್ ಫ್ಲೋ, ಅಂದರೆ ಎರಡು ನೀರೂ ಎದುರುಬದುರಾಗಿ ಹರಿಯುತ್ತೆ. ಬಿಸಿನೀರು ಒಳಗೆ ನಿಮಿಷಕ್ಕೆ 3 ಲೀಟರ್, 60ರಿಂದ 56 ಡಿಗ್ರಿಗೆ ಇಳಿಯುತ್ತೆ. ತಣ್ಣೀರು ಹೊರಗೆ 4 ಲೀಟರ್, 28ರಿಂದ 30.5ಕ್ಕೆ ಏರುತ್ತೆ. ಶಾಖದ ಲೆಕ್ಕದಲ್ಲಿ 130 ವಾಟ್ ಕೊರತೆ. ಎರಡರ ಸರಾಸರಿ ಹಿಡಿದರೆ ಓವರಾಲ್ ಕೋಎಫಿಷಿಯೆಂಟ್ (ಒಂದು ಚದರ ಮೀಟರಿಗೆ, ಒಂದು ಡಿಗ್ರಿ ವ್ಯತ್ಯಾಸಕ್ಕೆ ದಾಟೋ ವಾಟ್) ಸುಮಾರು 450. ಎರಡೂ ಕಡೆ ಡಿಟಸ್-ಬೋಲ್ಟರ್ (ಪ್ರಕ್ಷುಬ್ಧ ಹರಿವಿನ ಶಾಖ ವರ್ಗಾವಣೆಯ ಸೂತ್ರ) ಹಾಕಿದರೆ 745 ಬರುತ್ತೆ. ಇನ್ಸುಲೇಷನ್ ಇಲ್ಲ. ಶಾಖ ಹೊರಗೆ ಸೋರ್ತಿದೆ ಅಂತ ಬರೆದರೆ ಸಾಕಾ?

ಉತ್ತರ 1
ಸಾಕಾಗಲ್ಲ. ಹೊರ ಪೈಪಿನಲ್ಲಿರೋದು ತಣ್ಣೀರು, ಕೋಣೆಯ ಉಷ್ಣತೆಗೂ ಅದಕ್ಕೂ ಒಂದೆರಡು ಡಿಗ್ರಿ ವ್ಯತ್ಯಾಸ ಅಷ್ಟೆ. ಬಿಸಿ ಕೊಳವೆ ಗಾಳಿಗೆ ತೆರೆದಿರೋದು ಸೆನ್ಸರ್ ಹತ್ತಿರದ ಒಂದಡಿ ಇರಬಹುದು. ಅಲ್ಲಿ ಹೋಗೋದು ಮೂರ್ನಾಲ್ಕು ವಾಟ್. 130 ವಾಟ್ ಸೋರೋಕೆ ಅಲ್ಲಿ ದಾರಿಯೇ ಇಲ್ಲ.

ತಣ್ಣೀರಿನ ಏರಿಕೆ 2.5ರ ಬದಲು 3 ಇದ್ದಿದ್ದರೆ ಲೆಕ್ಕ ಕೂಡ್ತಿತ್ತು, ನೋಡಿ. ಬರೀ ಅರ್ಧ ಡಿಗ್ರಿ. ರೋಧದಿಂದ ಉಷ್ಣತೆ ಅಳೆಯೋ ಪಿಟಿ-100 ಸೆನ್ಸರಿಗೆ ಡಿಗ್ರಿಗೆ 0.385 ಓಮ್. ಎರಡು ವೈರಿನದಾದರೆ ವೈರಿನ ರೋಧವೂ ಅಳತೆಗೆ ಸೇರುತ್ತೆ, ಅದು 0.2 ಓಮ್ ಇದ್ದರೆ ಸಾಕು, ಅರ್ಧ ಡಿಗ್ರಿ ಜಾಸ್ತಿ ತೋರಿಸೋಕೆ. ಹೀಟರ್ ಹಾಕದೆ ಎರಡೂ ಕಡೆ ಒಂದೇ ಟ್ಯಾಂಕಿನ ನೀರು 15 ನಿಮಿಷ ಬಿಡಿ. ನಾಲ್ಕೂ ಸೆನ್ಸರ್ ಒಂದೇ ಅಂಕಿ ತೋರಿಸಬೇಕು. ಹರಿವು ತೋರಿಸೋ ರೋಟಾಮೀಟರನ್ನೂ ನಂಬಬೇಡಿ: 60 ಸೆಕೆಂಡ್ ಬಕೆಟ್ಟಿಗೆ ಹಿಡಿದು ತೂಗಿ.

ಉತ್ತರ 2
745ರ ಕಥೆ ಬೇರೆ. ಒಳಗೆ ರೆನಾಲ್ಡ್ಸ್ ಸಂಖ್ಯೆ (ಹರಿವು ಎಷ್ಟು ಪ್ರಕ್ಷುಬ್ಧ ಅಂತ ಹೇಳೋ ಅಂಕಿ) ಸುಮಾರು 13,000, ಅಲ್ಲಿ ಸೂತ್ರ ಸರಿ. ಹೊರಗಿನ ಸಂದಿಯಲ್ಲಿ ವೇಗ ಸೆಕೆಂಡಿಗೆ 0.135 ಮೀ, ಹೈಡ್ರಾಲಿಕ್ ವ್ಯಾಸ (ಎರಡು ವ್ಯಾಸಗಳ ವ್ಯತ್ಯಾಸ) 15.5 ಮಿಮೀ, ರೆನಾಲ್ಡ್ಸ್ 2,600 ದಾಟಲ್ಲ. ಡಿಟಸ್-ಬೋಲ್ಟರ್ 10,000ದ ಮೇಲಿನದು. ಅದೇ ಕೆಲಸದ ಇನ್ನೊಂದು ಸೂತ್ರ ಗ್ನೀಲಿನ್ಸ್ಕಿ ಕೂಡ 3,000ದಿಂದ ಶುರು. ಅಂದರೆ ನಿಮ್ಮ 450 ತಪ್ಪಲ್ಲ, 745 ತಪ್ಪು.

ತಣ್ಣೀರನ್ನು 15 ಲೀಟರಿಗೆ ಏರಿಸಿ, ರೆನಾಲ್ಡ್ಸ್ 9,600ರ ಹತ್ತಿರ ಬರುತ್ತೆ. ಬಿಸಿ ಕಡೆಯ ಇಳಿಕೆ 4ರಿಂದ 10-11 ಡಿಗ್ರಿಗೆ ಹೋಗೋದರಿಂದ ಅಳತೆಯ ತಪ್ಪೂ ಕುಗ್ಗುತ್ತೆ. ತಣ್ಣೀರಿನ ಏರಿಕೆ ಮಾತ್ರ ಎರಡೇ ಡಿಗ್ರಿ, ಹಾಗಾಗಿ ಬಿಸಿ ಕಡೆಯ ಲೆಕ್ಕವನ್ನೇ ಹಿಡಿಯಿರಿ. ಹೀಟರ್ 3 ಕಿಲೋವಾಟ್ ಇರಲಿ. 2 ಕಿಲೋವಾಟಿನದು ಸೋಲುತ್ತೆ, 60 ನಿಲ್ಲಲ್ಲ. ತಣ್ಣೀರಿನ ಹೊರಬಾಯಿ ಮೇಲ್ಮುಖವಾಗಿರಲಿ, ಇಲ್ಲದಿದ್ದರೆ ಪೈಪಿನ ನೆತ್ತಿಯಲ್ಲಿ ಗಾಳಿ ಕೂತುಬಿಡುತ್ತೆ.

ವಿಲ್ಸನ್ ಪ್ಲಾಟ್ (ಹರಿವು ಬದಲಿಸುತ್ತಾ ಒಟ್ಟು ರೋಧದ ಗೆರೆ ಎಳೆದು ಒಂದು ಕಡೆಯ ಪಾಲನ್ನು ಬೇರ್ಪಡಿಸೋ ವಿಧಾನ) ಹಾಕೋ ಯೋಚನೆ ಇದ್ದರೆ ಅದೂ ಇದಾದ ಮೇಲೆ. ಈಗ ಒಟ್ಟು ರೋಧದಲ್ಲಿ ಒಳಗಿನ ಪಾಲು ಶೇ. 14ರಷ್ಟೇ, ಗೆರೆಯ ಇಳಿಜಾರು ಅಳತೆಯ ಗದ್ದಲದಲ್ಲಿ ಮುಳುಗಿಹೋಗುತ್ತೆ.

ಪ್ರಶ್ನೆ ಕೇಳಿದವರು
ಹೀಟರ್ ಇಲ್ಲದೆ ಓಡಿಸಿದೆ. ತಣ್ಣೀರಿನ ಒಳಬಾಯಿ ಸೆನ್ಸರ್ 0.4 ಜಾಸ್ತಿ ತೋರಿಸ್ತಿದೆ, ಎರಡು ವೈರಿನದೇ. ಕಳೆದು ಬಳಸಬಹುದಾ?

ಉತ್ತರ 1
ಬಳಸಬಹುದು. ಏರಿಕೆ 2.9 ಆಗುತ್ತೆ, ಅಂದರೆ 805 ವಾಟ್, ಕೊರತೆ ಶೇ. 2.5ರೊಳಗೆ. ಆದರೆ ಆ ಸೆನ್ಸರನ್ನು 60 ಡಿಗ್ರಿಯ ನೀರಿನಲ್ಲೂ ಒಮ್ಮೆ ಉಳಿದವುಗಳ ಜೊತೆ ಅದ್ದಿ ನೋಡಿ. ಅಲ್ಲೂ 0.4 ಬಂದರೆ ವೈರಿನ ದೋಷ ಇರಬಹುದು, ವೈರಿನ ರೋಧ ಕಳೆಯೋ ಮೂರು ವೈರಿನದು ಹಾಕಿಸಿ. ತೀರಾ ಬೇರೆ ಅಂಕಿ ಬಂದರೆ ಸೆನ್ಸರೇ ಕೆಟ್ಟಿರಬಹುದು.